ಓದುವ ಸರದಿ

ಜನವರಿ 9, ಗುರುವಾರ. ಸಂಜೆ

ಪಠ್ಯಕ್ರಮ ಸಮಿತಿಯ ಮೀಟಿಂಗು. ಕೂತು ಕೂತು ಬೆನ್ನು ಹಿಡಿಯಿತು. ಕೋರ್ಸಿನ ಹೆಸರಿನಲ್ಲಿ ‘ಪರಿಚಯ’ ಇರಬೇಕೋ ‘ಪ್ರವೇಶ’ ಇರಬೇಕೋ ಅಂತ ಇತಿಹಾಸದವರಿಬ್ಬರ ಜಟಾಪಟಿ. ಅಧ್ಯಕ್ಷರು ಕಡೆಗೆ ಎರಡನ್ನೂ ಹೊಡೆದುಹಾಕಿಸಿ ‘ಮುಂದೆ’ ಅಂದರು. ರಸಾಯನಶಾಸ್ತ್ರದವರು. ಯಾವುದಕ್ಕೂ ‘ಮುಂದೆ, ಮುಂದೆ’ ಅನ್ನುತ್ತಾರೆ ಅಂತ ಬೆನ್ನ ಹಿಂದೆ ನಮಗೆಲ್ಲ ಅವರು ಮುಂದೆಸ್ವಾಮಿ. ಟೀ ತಣ್ಣಗಿತ್ತು. ಬಿಸ್ಕತ್ತು ಮೆತ್ತಗಿತ್ತು.

ಓದುವ ಸರದಿ ಹಂಚಿದರು. ನಮ್ಮಲ್ಲಿ ಇದೊಂದು ಪದ್ಧತಿ. ಯಾವ ವಿಭಾಗ ಏನೇ ಬದಲಾವಣೆ ಕೇಳಲಿ, ಅದಕ್ಕೆ ಸಂಬಂಧವೇ ಇಲ್ಲದ ವಿಭಾಗದ ಅಧ್ಯಾಪಕರೊಬ್ಬರು ಮೊದಲು ಓದಬೇಕು. ಆಮೇಲೆ ಕಾಗದ ಮುಚ್ಚಿಟ್ಟು ಸಮಿತಿಗೆ ಸ್ವಂತ ಮಾತಿನಲ್ಲಿ ವಿವರಿಸಬೇಕು. ಓದಿದವರು ‘ಅರ್ಥವಾಗಲಿಲ್ಲ’ ಅಂದರೆ ಮುಗಿಯಿತು, ಅರ್ಜಿ ವಾಪಸು, ಮತ್ತೆ ಬರುವುದು ಮುಂದಿನ ವರ್ಷವೇ. ಕಳೆದ ಸಲ ನನಗೆ ಸಂಗೀತ ಸಿಕ್ಕಿತ್ತು. ತಾಳದ ಬಗ್ಗೆ ನಾನು ಮಾತಾಡಿದ್ದು ಕೇಳಿ ಸಂಗೀತದವರು ನಕ್ಕು ನಕ್ಕು ಸುಸ್ತಾದರು.

ಈ ಸಲ ನರ್ಸಿಂಗ್. ಅವರಲ್ಲಿ ‘ಸಮುದಾಯ ಆರೋಗ್ಯ’ ಅಂತ ಒಂದು ಮೈನರ್ ಇದೆ. ಬೇರೆ ಬೇರೆ ವಿಭಾಗದ ಹುಡುಗರು ತಮ್ಮ ಮುಖ್ಯ ವಿಷಯದ ಜೊತೆಗೆ ಆರಿಸಿಕೊಳ್ಳುವ ಉಪವಿಷಯ, ನಾಲ್ಕೈದು ಕೋರ್ಸುಗಳ ಗುಂಪು. ಅದರಲ್ಲಿ ಏನೋ ಸಣ್ಣ ಬದಲಾವಣೆಯಂತೆ. ಸಣ್ಣದು ಅಂದರು... ಸದ್ಯ, ಬದುಕಿದೆ.

ಜನವರಿ 11, ಶನಿವಾರ. ಬೆಳಿಗ್ಗೆ

ಓದಿದೆ. ಸಣ್ಣದಂತೆ, ಸಣ್ಣದು.

ಮೈನರ್‌ನಿಂದ ಒಂದು ಕಡ್ಡಾಯ ಕೋರ್ಸು ಕೈಬಿಟ್ಟು, ಆ ಜಾಗಕ್ಕೆ ತಮ್ಮದೇ ಒಂದನ್ನು, ರೋಗಗಳ ಅಂಕಿ-ಅಂಶದ ಕೋರ್ಸನ್ನು, ತರುತ್ತಾರಂತೆ. ಹೋಗುವುದು ‘ಸಂಖ್ಯಾಶಾಸ್ತ್ರ ಪರಿಚಯ’. ನನ್ನದು. ಇಷ್ಟು ವರ್ಷ ನಾನೊಬ್ಬಳೇ ಪಾಠ ಮಾಡಿಕೊಂಡು ಬಂದದ್ದು. ಆ ತರಗತಿಗೆ ಬರುವ ಹುಡುಗರಲ್ಲಿ ಮುಕ್ಕಾಲು ಪಾಲು ಆ ಮೈನರ್‌ನವರೇ. ಅವರು ಬರಲಿಲ್ಲವೆಂದರೆ ಬೆಂಚುಗಳಿಗೆ ಪಾಠ ಮಾಡಬೇಕು. ಬೆಂಚುಗಳಿಗೆ ಪಾಠ ಮಾಡಲು ವಿಭಾಗ ಬಿಡುವುದಿಲ್ಲ, ಕೋರ್ಸನ್ನೇ ಮುಚ್ಚುತ್ತದೆ.

ಸರದಿ ಹಂಚಿದವರು ಮೈನರ್‌ನ ಹೆಸರಷ್ಟೇ ನೋಡಿದ್ದಾರೆ. ಒಳಗಿನ ಕೋರ್ಸು ಯಾರದು ಅಂತ ನೋಡಿಲ್ಲ. ನರ್ಸಿಂಗಿಗೂ ಲೆಕ್ಕದವಳಿಗೂ ಎಲ್ಲಿಯ ಸಂಬಂಧ ಅಂದುಕೊಂಡಿರಬೇಕು.

‘ಅರ್ಥವಾಗಲಿಲ್ಲ’ ಅಂದರೆ ಸಾಕು. ಒಂದೇ ಒಂದು ಮಾತು. ಯಾರೂ ಯಾಕೆ ಅಂತ ಕೇಳುವುದಿಲ್ಲ. ಆ ಯೋಚನೆ ಬಂದಾಗ ಖುಷಿಯಾಯಿತು. ಹೌದು, ಆಯಿತು.

ಸಂಜೆ

ಇವರಿಗೆ ಹೇಳಿದೆ. ಆಗಷ್ಟೇ ಕನ್ನಡಕದಂಗಡಿ ಮುಚ್ಚಿ ಬಂದಿದ್ದರು. ಕಳ್ಳನ ಕೈಗೇ ಬೀಗದ ಕೈ ಕೊಟ್ಟಿದ್ದಾರಲ್ಲ ಅಂತ ನಕ್ಕರು. ನನಗೆ ನಗು ಬರಲಿಲ್ಲ. ಒಳಗಿನಿಂದ ಅತ್ತೆ, “ಅವರ ಅಡಿಗೆಗೆ ನಿನ್ನ ಉಪ್ಪು ಬೇಡ ಅಂದ್ರೆ ಬಿಡಮ್ಮಾ. ಬಲವಂತನಾ?” ಅಂದರು. ಕರೆದರೆ ಕೇಳಿಸುವುದಿಲ್ಲ ಅತ್ತೆಗೆ. ಇಂಥದ್ದೆಲ್ಲ ಗೋಡೆಯಾಚೆಯಿಂದಲೂ ಕೇಳಿಸುತ್ತದೆ.

ಜನವರಿ 15, ಬುಧವಾರ

ಅಧ್ಯಕ್ಷರ ಕೋಣೆಗೆ ಹೋಗಿ ವಿಷಯ ಹೇಳಿಬಿಟ್ಟೆ. ನನ್ನದೇ ಕೋರ್ಸು, ನಾನು ಓದುವುದು ಸರಿಯಲ್ಲ, ಬೇರೆಯವರಿಗೆ ಕೊಡಿ. ಕನ್ನಡಕ ಹಣೆಗೇರಿಸಿ ಕ್ಯಾಲೆಂಡರ್ ನೋಡಿದರು. ಬೇರೆಯವರನ್ನು ಹುಡುಕಿ, ಅವರು ಓದಿ ಮುಗಿಸುವಷ್ಟರಲ್ಲಿ ಗಡುವು ದಾಟುತ್ತದಂತೆ. ನರ್ಸಿಂಗಿನವರದು ಮುಂದಿನ ವರ್ಷಕ್ಕೆ ಬೀಳುತ್ತದಂತೆ.

“ನಿಮಗೆ ಅದೇ ಬೇಕಾ, ಮೇಡಂ?” ಅಂದರು. ಚುಚ್ಚಲಿಲ್ಲ. ನಿಜವಾಗಿ ಕೇಳಿದರು.

ಅವರ ಮೇಜಿನ ಮೇಲಿಟ್ಟಿದ್ದ ಅರ್ಜಿಯನ್ನು ವಾಪಸು ಎತ್ತಿಕೊಂಡೆ. ನೀವೇ ಓದಿ, ನಿಮ್ಮ ಮೇಲೆ ನನಗೆ ಅನುಮಾನವಿಲ್ಲ ಅಂದರು. ನನಗಿತ್ತು.

ಜನವರಿ 21, ಮಂಗಳವಾರ

ಅರ್ಜಿ ಬರೆದಾಕೆ ಹೊಸಬಳು. ನನಗಿಂತ ಎಷ್ಟೋ ಚಿಕ್ಕವಳು, ಆಸ್ಪತ್ರೆ ವಾರ್ಡಿನಲ್ಲಿ ಕೆಲಸ ಮಾಡಿ ಪಾಠಕ್ಕೆ ಬಂದವಳು. ಆ ಹೊಸ ಕೋರ್ಸನ್ನು ಈಗಾಗಲೇ ಇಷ್ಟವಿದ್ದವರಿಗೆ ಪಾಠ ಮಾಡಿ ನೋಡುತ್ತಿದ್ದಾಳಂತೆ. ನಿಮ್ಮ ಕ್ಲಾಸಿನಲ್ಲಿ ಕೂರಬಹುದಾ ಅಂತ ಫೋನು ಮಾಡಿದೆ. ಬನ್ನಿ ಮೇಡಂ ಅಂದಳು. ಸ್ವರ ಸ್ವಲ್ಪ ಒಣಗಿತ್ತು.

ಮುಖ ಗಂಟು ಹಾಕಿಕೊಂಡೇ ಹೋದೆ. ಹಿಂದಿನ ಬೆಂಚು. ಗೋಡೆಯ ಮೇಲೆ ಒಂದು ಬಡಾವಣೆಯ ಕೆಮ್ಮಿನ ಲೆಕ್ಕ — ಕ್ಲಿನಿಕ್ಕಿಗೆ ಯಾವ ತಿಂಗಳು ಎಷ್ಟು ಜನ ಬಂದರು, ಯಾವ ಬೀದಿಯವರು. ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಮಾತಾಡುತ್ತಿದ್ದರು. ಅವರಲ್ಲಿ ಮೂರು ಮುಖ ನನಗೆ ಗೊತ್ತು. ನನ್ನ ತರಗತಿಗೆ ಎರಡು ವಾರ ಬಂದು ಮಾಯವಾದವರು. ನನ್ನನ್ನು ನೋಡಿ ತಲೆ ತಗ್ಗಿಸಿದರು. ನನ್ನ ಕ್ಲಾಸಿನಲ್ಲಿ ಅವರು ಬಾಯಿ ಬಿಟ್ಟದ್ದೇ ಇಲ್ಲ. ನಾನು ದಾಳ ಉರುಳಿಸುತ್ತೇನೆ, ಚೀಲದಿಂದ ಕೆಂಪು ಚೆಂಡು, ಬಿಳಿ ಚೆಂಡು ತೆಗೆಸುತ್ತೇನೆ. ಇಷ್ಟು ವರ್ಷವೂ ಅದೇ ಚೆಂಡು.

ಹೊಟ್ಟೆ ಉರಿಯಿತು. ಬರೆದುಬಿಡುತ್ತೇನೆ, ಇದನ್ನು ಯಾರು ಓದುತ್ತಾರೆ. ಆಕೆ ಚೆನ್ನಾಗಿ ಪಾಠ ಮಾಡುತ್ತಾಳೆ.

ಆದರೆ ಒಂದು ತೂತು ಇದೆ. ಕ್ಲಿನಿಕ್ಕಿಗೆ ಬಂದವರನ್ನಷ್ಟೇ ಎಣಿಸಿ ಇಡೀ ಬಡಾವಣೆಯ ಮಾತಾಡಿದರು. ಕೆಮ್ಮಿಕೊಂಡು ಮನೆಯಲ್ಲೇ ಉಳಿದವರು? ಒಂದೇ ಒಂದು ಬಾಯಿಯಿಂದ ಆ ಪ್ರಶ್ನೆ ಬರಲಿಲ್ಲ. ಆಕೆಯ ಬಾಯಿಂದಲೂ ಇಲ್ಲ. ಅರ್ಜಿಯನ್ನು ಮತ್ತೆ ತಿರುವಿ ನೋಡಿದೆ. ಪಾಠಗಳ ಪಟ್ಟಿಯಲ್ಲಿ ಎಲ್ಲೂ ಅದಿಲ್ಲ. ನನ್ನ ಕೋರ್ಸಿನಲ್ಲಿ ಅರ್ಧ ಕಾಲ ಅದೇ.

ಜನವರಿ 28, ಮಂಗಳವಾರ. ಬೆಳಿಗ್ಗೆ

ಆ ತೂತು ನಿಜವಾಗಿಯೂ ಇದೆಯೋ, ಇರಲಿ ಅಂತ ನನಗೆ ಆಸೆಯೋ. ತಲೆ ಕೆಟ್ಟು ಕೆರ ಹಿಡಿದಿದೆ. ಎತ್ತಿ ಹೇಳಿದರೆ ನನಗೆ ಲಾಭ. ಸುಮ್ಮನಿದ್ದರೆ ದೊಡ್ಡ ಮನಸ್ಸಿನವಳು ಅನ್ನಿಸಿಕೊಳ್ಳಬಹುದು, ಹುಡುಗರು ಮಾತ್ರ ಅರ್ಧಂಬರ್ಧ ಕಲಿತು ಹೋಗುತ್ತಾರೆ.

ಇವರು ಶೂ ಲೇಸು ಕಟ್ಟಿಕೊಳ್ಳುತ್ತಿದ್ದರು. ಅಡ್ಡ ಹಾಕಿ ಕೇಳಿದೆ. ತಲೆ ಎತ್ತದೆ ಹೇಳಿದರು:

“ಕಣ್ಣು ಟೆಸ್ಟ್ ಮಾಡೋನೂ ನಾನೇ, ಕನ್ನಡಕ ಮಾರೋನೂ ನಾನೇ. ಬೇಕು ಅಂದ್ರೆ ನಂಗೆ ಲಾಭ. ಹಾಗಂತ ಎದುರಿಗೆ ಕೂತೋರಿಗೆ ಕಣ್ಣು ಕಂಡುಬಿಡತ್ತೇನೆ?”

ಆಮೇಲೆ, ಮಾರೋನು ನಾನೇ ಅಂತ ಮೊದಲೇ ಬೋರ್ಡು ಹಾಕಿದ್ದೀನಲ್ಲ, ಅಷ್ಟೇ ಅಂದು ಊಟದ ಡಬ್ಬಿ ಮರೆತು ಹೊರಟರು. ಮೂವತ್ತು ವರ್ಷದ ಸಂಸಾರದಲ್ಲಿ ಎಲ್ಲೋ ಅಪರೂಪಕ್ಕೆ ಇಂಥ ಮಾತು. ಹೊಗಳಿದರೆ ವಾರವೆಲ್ಲ ಹೇಳಿಕೊಂಡು ತಿರುಗುತ್ತಾರೆ ಅಂತ ಹೊಗಳಲಿಲ್ಲ.

ಫೆಬ್ರವರಿ 6, ಗುರುವಾರ. ಸಂಜೆ

ಮುಗಿಯಿತು.

ಕಾಗದ ಮುಚ್ಚಿಟ್ಟು ಮಾತಾಡಿದೆ. ಹುಡುಗರು ನನ್ನ ಕೋರ್ಸಿಗೆ ಹೆದರಿ ಈ ಮೈನರನ್ನೇ ಬಿಡುತ್ತಿದ್ದಾರೆ, ಹೀಗೇ ಹೋದರೆ ಮೈನರ್ ಮುಚ್ಚುತ್ತದೆ. ಹೊಸ ಕೋರ್ಸಿನಲ್ಲಿ ಅದೇ ಹುಡುಗರು ಬಾಯಿ ಬಿಟ್ಟು ಜಗಳವಾಡುತ್ತಾರೆ, ಕಣ್ಣಾರೆ ನೋಡಿದ್ದೇನೆ, ಬದಲಾವಣೆ ಸರಿಯಾಗಿದೆ — ಇಷ್ಟನ್ನೂ ಹೇಳಿದೆ.  

ಆಮೇಲೆ ತೂತಿನ ವಿಷಯ. ಶುರು ಮಾಡುತ್ತಿದ್ದ ಹಾಗೆ ಇತಿಹಾಸದವರೊಬ್ಬರು ಪಕ್ಕದವರ ಕಿವಿಯಲ್ಲಿ ಏನೋ ಅಂದು ತುಟಿಯಂಚಿನಲ್ಲಿ ನಕ್ಕರು. ಕಂಡಿತು. ಮಾತು ನಿಲ್ಲಿಸಿದೆ.

“ಇದರಲ್ಲಿ ನನ್ನ ಸ್ವಾರ್ಥ ಇದೆ,” ಅಂದೆ. “ಅದನ್ನ ಬದಿಗಿಟ್ಟು ಕೇಳಿ. ನನಗಂತೂ ಬದಿಗಿಡೋಕೆ ಆಗ್ಲಿಲ್ಲ.”

 ಕ್ಲಿನಿಕ್ಕಿಗೆ ಬಾರದವರ ಕಥೆ ಹೇಳಿದೆ. ನರ್ಸಿಂಗ್‌ನಾಕೆ ಬರೆದುಕೊಳ್ಳುತ್ತಿದ್ದವಳು ಪೆನ್ನು ಕೆಳಗಿಟ್ಟಳು. ವಾರ್ಡಿನಲ್ಲಿದ್ದಾಗ ತಡವಾಗಿ ಬಂದವರನ್ನು ದಿನಾ ನೋಡುತ್ತಿದ್ದೆ, ಪಾಠ ಬರೆಯುವಾಗ ಅವರನ್ನೇ ಮರೆತೆ ಅಂದಳು. ಎರಡು ವಾರದ ಪಾಠ ಸೇರಿಸುತ್ತೇನೆ ಅಂತ ಅಲ್ಲೇ ಒಪ್ಪಿದಳು. ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ. ಮುಂದೆ.

ಮನೆಗೆ ಬಂದು ಅತ್ತೆಯ ಮಂಚದ ತುದಿಯಲ್ಲಿ ಕೂತೆ. ಏನಾಯಿತು ಅಂತ ಕೇಳಲಿಲ್ಲ. ಕಾಲು ಒತ್ತು ಅಂದರು. ಒತ್ತಿದೆ. ಒಳ್ಳೆಯದೇ ಆಯಿತು, ಕೈಗೊಂದು ಕೆಲಸ.

ಮಾರ್ಚ್ 19, ಬುಧವಾರ

ಮುಂದಿನ ವರ್ಷಕ್ಕೆ ಹೆಸರು ಕೊಟ್ಟವರ ಪಟ್ಟಿ ಬಂತು. ನನ್ನ ಕೋರ್ಸಿಗೆ ನಾಲ್ಕು ಜನ. ಅದರಲ್ಲಿ ಒಬ್ಬ ತಪ್ಪಿ ಗುಂಡಿ ಒತ್ತಿದವನಂತೆ.

ವಿಭಾಗದ ಮುಖ್ಯಸ್ಥರು ಬಾಗಿಲು ಹಾಕಿಕೊಂಡು, ನಾನು ಸತ್ತ ಮನೆಯವಳು ಎಂಬಂತೆ ಮೆಲ್ಲಗೆ ಮಾತಾಡಿದರು. ಕೋರ್ಸು ತೆಗೆಯಲು ಸಮಿತಿಗೆ ಅರ್ಜಿ ಹಾಕಬೇಕಂತೆ. ನನಗೆ ಒಂದನೇ ವರ್ಷದ ಬೀಜಗಣಿತ ಕೊಡುತ್ತಾರಂತೆ. ಸಂಬಳಕ್ಕೇನೂ ತೊಂದರೆಯಿಲ್ಲ. ತೆಗೆಯುವ ಅರ್ಜಿಯನ್ನು, ಕೋರ್ಸಿನಲ್ಲಿ ಏನೇನಿದೆ ಅನ್ನುವ ವಿವರದ ಸಮೇತ, ನಾನೇ ಬರೆದುಕೊಟ್ಟೆ. ಬೇರೆಯವರು ಬರೆದರೆ ತಪ್ಪು ಮಾಡುತ್ತಾರೆ.

ಬೇಜಾರಾಗಿದೆ. ತುಂಬ.

ಏಪ್ರಿಲ್ 2, ಬುಧವಾರ. ಮಧ್ಯಾಹ್ನ

ಆ ಅರ್ಜಿಯ ಓದುವ ಸರದಿ ಯಾರಿಗೆ ಬಿದ್ದಿದೆ ಗೊತ್ತಾ? ನರ್ಸಿಂಗ್‌ನಾಕೆಗೆ. ಈ ಸಲವೂ ಹೆಸರು ನೋಡಿಯೇ ಹಂಚಿದ್ದಾರೆ. ಅಥವಾ ಮುಂದೆಸ್ವಾಮಿಯ ತಲೆಯಲ್ಲಿ ಏನೋ ಇದೆ. ಕೇಳಲು ಹೋಗಲಿಲ್ಲ.

ಆಕೆ ಸೀದಾ ನನ್ನ ಕೋಣೆಗೆ ಬಂದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ. ತನ್ನಿಂದಲೇ ಹೀಗಾಯಿತು ಅಂತ ನಿದ್ದೆ ಬರುತ್ತಿಲ್ಲವಂತೆ. ಹಾಗೇನಿಲ್ಲ ಅಂದೆ. ಇತ್ತು, ಆದರೂ ಅಂದೆ.

“ಮೇಡಂ, ಓದಿದೆ. ಅರ್ಥ ಆಗ್ಲಿಲ್ಲ ಅಂತ ಹೇಳಿಬಿಡ್ತೀನಿ. ಇನ್ನೊಂದು ವರ್ಷ ಉಳಿಯತ್ತೆ. ಅಷ್ಟರಲ್ಲಿ ಹುಡುಗ್ರು ಬಂದರೂ ಬರಬಹುದು.”

 ಒಂದು ವರ್ಷ. ಹೇಳಿ ಅನ್ನಲು ಬಾಯಿ ತೆರೆದೇಬಿಟ್ಟಿದ್ದೆ. ಹೊರಬಿದ್ದದ್ದು ಬೇರೆ.

“ನಿಜವಾಗ್ಲೂ ಅರ್ಥ ಆಗ್ಲಿಲ್ವಾ?”

ಆಕೆ ನೆಲ ನೋಡಿದಳು. “ಅರ್ಧ ಆಯ್ತು.”

ಅರ್ಧ. ಪೂರ್ತಿ ಅರ್ಥವಾಗಲಿಲ್ಲ ಅಂದಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ಎದುರಿಗೆ ನಿಂತು ಯಾರಾದರೂ ಅರ್ಧ ಆಯ್ತು ಅಂದರೆ ನನ್ನಿಂದ ತಡೆಯಲಾಗುವುದಿಲ್ಲ. ಹುಟ್ಟುಗುಣ. ಯಾವ ಅರ್ಧ ಅಂತ ಕೇಳಿದೆ. ಹೇಳಿದಳು. ಅದೂ ತಪ್ಪೇ.

“ಶುಕ್ರವಾರ ಮಧ್ಯಾಹ್ನ ಬನ್ನಿ,” ಅಂದೆ. “ಪೂರ್ತಿ ಹೇಳಿಕೊಡ್ತೀನಿ. ಆಮೇಲೆ ಸಮಿತಿ ಮುಂದೆ ಹೋಗಿ, ತೆಗೀತಿರೋದು ಏನನ್ನ ಅಂತ ಅವರಿಗೆ ಸರಿಯಾಗಿ ಹೇಳಿ.”

ಪೂರ್ತಿ ಅರ್ಥವಾದರೆ ಆಕೆ ವಿವರಿಸಲೇಬೇಕು. ವಿವರಿಸಿದರೆ ಅವರು ತೆಗೆಯಲೇಬೇಕು. ಇಬ್ಬರಿಗೂ ಗೊತ್ತು. ಆಕೆ ಕಣ್ಣೊರೆಸಿಕೊಂಡು ಹೋದಳು. ನಾನು ಆಮೇಲೆ ಒರೆಸಿಕೊಂಡೆ.

ಏಪ್ರಿಲ್ 4, ಶುಕ್ರವಾರ. ಮಧ್ಯಾಹ್ನ

ಹಳೆಯ ತರಗತಿಯಲ್ಲೇ ಕೂತು ಬರೆಯುತ್ತಿದ್ದೇನೆ. ಬೋರ್ಡು ಒರೆಸಿ ಆಯಿತು. ಕಿಟಕಿ ತೆರೆದದ್ದಾಯಿತು. ಮೊದಲ ಸಾಲಿನ ಒಂದು ಬೆಂಚಿನ ಧೂಳು ಕೊಡವಿದೆ.

ಬೆಳಿಗ್ಗೆಯಿಂದ ಪಾಠ ತಯಾರಿ, ಹೊಸದಾಗಿ ಕೆಲಸಕ್ಕೆ ಸೇರಿದವಳ ಹಾಗೆ. ಒಬ್ಬಳಿಗೆ ಇಷ್ಟೊಂದಾ ಅಂತ ಇವರು ಕೇಳಿದರು. ಒಬ್ಬಳಿಗೇ ಅಂದೆ. ಹೆದರಿಕೆಯಾಗುತ್ತಿದೆ. ಚೆನ್ನಾಗಿ ಹೇಳಿಕೊಡಬೇಕು. ಇಷ್ಟು ಚೆನ್ನಾಗಿ ಯಾವತ್ತೂ ಹೇಳಿಕೊಟ್ಟಿರಬಾರದು, ಅಷ್ಟು.

ದಾಳ, ಚೆಂಡು ಬೇಡ. ಆಕೆಯ ವಾರ್ಡಿನಿಂದಲೇ ಶುರು ಮಾಡುತ್ತೇನೆ. ತಡವಾಗಿ ಬಂದ ಒಬ್ಬ ರೋಗಿ, ಅವನ ಬೀದಿ, ಆ ಬೀದಿಯಿಂದ ಬಾರದೇ ಉಳಿದವರು, ಅವರನ್ನು ನೋಡದೆಯೇ ಎಣಿಸುವುದು ಹೇಗೆ ಅಂತ...

ಮೆಟ್ಟಿಲ ಮೇಲೆ ಸದ್ದು. ಬಂದಳು. ಒಬ್ಬಳೇ ಅಲ್ಲ, ಮಾತು ಕೇಳಿಸುತ್ತಿದೆ, ಹುಡುಗರದು. ಬೆಂಚು ಇನ್ನೊಂದು ಒರೆಸಬೇಕು, ಇನ್ನೂ ಒಂದು —