ಕ್ಲೋರೈಡ್ 1340

8-2-94, ಮಂಗಳವಾರ

ಬಸವಕಲ್ಯಾಣದಿಂದ 7.40ರ ಬಸ್. ಹುಮನಾಬಾದ್ ಅಂತರ್ಜಲ ಆಫೀಸಿನಲ್ಲಿ ಟೇಪು, ರಿಜಿಸ್ಟರ್ ತೆಗೆದುಕೊಂಡು ಬೇಮಳಖೇಡ ಕಡೆ. ಕಿಲ್ಲಾರಿ ಭೂಕಂಪವಾಗಿ ನಾಲ್ಕು ತಿಂಗಳು ಮೇಲಾಯಿತು. ಬಾವಿಗಳ ನೀರಿನ ಮಟ್ಟ ಅಳೆದು ಸ್ಯಾಂಪಲ್ ತರಬೇಕೆಂದು ಆದೇಶ. ಇಂದು ನಾಲ್ಕು ಬಾವಿ. ಕೊನೆಯದು ವಾಡಿಯದು — ಬೌದ್ಧರಾದ ದಲಿತರ ಓಣಿ, ಹದಿನೆಂಟು ಮನೆ, ತಾವೇ ತೋಡಿಕೊಂಡ ಬಾವಿ. ಮಟ್ಟ 9.40 ಮೀ. ಸೋನುಬಾಯಿ ಎಂಬ ಮುದುಕಿ ನೀರು ಸೇದಿ ಕೊಟ್ಟಳು.

ಆಫೀಸಿನ ಬಾಟಲಿ ಮೂರೇ ಇದ್ದವು. ನಾಲ್ಕನೆಯದು ಹೆಂಡತಿಯ ತಮ್ಮ ವೀರಭದ್ರ ದವಾಖಾನೆಯಿಂದ ತಂದುಕೊಟ್ಟದ್ದು. ತಳದಲ್ಲಿ ಎರಡು ಬೆರಳು ನೀರಿತ್ತು. ತೊಳೆದು ಉಳಿದದ್ದಿರಬೇಕು. ಅದೇ ಬಾವಿಯ ನೀರಿನಿಂದ ಮೂರು ಸಲ ತೊಳೆದು ತುಂಬಬೇಕು — ನಿಯಮ. ಬಸ್ಸಿನ ಹಾರ್ನ್ ಕೇಳಿತು. ಹಾಗೇ ತುಂಬಿ ಬಿರಡೆ ಹಾಕಿದೆ. ಬಸ್ ಸಿಕ್ಕಿತು.

2-3-94

ಲ್ಯಾಬ್ ವರದಿ ಬಂತು. ಮೂರು ಬಾವಿ ಸರಿ. ವಾಡಿಯದು — ಕ್ಲೋರೈಡ್ 1340. ಸಾವಿರ ದಾಟಿದರೆ ಕುಡಿಯಬಾರದು.

ಸಾಹೇಬರು ಕನ್ನಡಕ ತೆಗೆದು ಎರಡು ಸಲ ನೋಡಿದರು. ಹೊನ್ನಾವರದ ಕಡೆ ಒಂಬತ್ತು ವರ್ಷ ಇದ್ದವರು. “ಅಲ್ಲಿ ಇಂಥದ್ದು ದಿನಾ ನೋಡಿದ್ದೇನೆ ಮಾರಾಯ. ಸಿಹಿನೀರು ಜಗ್ಗಿ ಖಾಲಿ ಮಾಡಿದರೆ ಕೆಳಗಿನಿಂದ ಸಮುದ್ರ ಒಳಗೆ ಬರ್ತದೆ. ತೆಂಗಿನ ಬುಡದ ಮಣ್ಣೇ ಉಪ್ಪಾಗ್ತದೆ. ಆದರೆ ಇಲ್ಲಿ? ಸಮುದ್ರ ನಾಲ್ಕುನೂರು ಕಿಲೋಮೀಟರ್ ದೂರ!”

ಮಧ್ಯಾಹ್ನದ ಹೊತ್ತಿಗೆ ಅವರೇ ಉತ್ತರ ಕಂಡುಕೊಂಡರು. ಭೂಕಂಪದಿಂದ ಬಂಡೆ ಬಿರಿದು ಆಳದ ಹಳೆಯ ಉಪ್ಪುನೀರು ಮೇಲೆ ಬಂದಿದೆ. ಕುಡಿಯಬಾರದೆಂದು ಬಾವಿಯ ಮೇಲೆ ಬರೆಯಿರಿ ಎಂದರು. ಮರುಪರೀಕ್ಷೆ ಆಮೇಲೆ.

5-3-94

ಪೇಪರಿನಲ್ಲಿ ಮೂರನೇ ಪುಟ, ಎರಡು ಕಾಲಂ. “ಭೂಕಂಪದ ಬಿರುಕಿನಿಂದ ಉಪ್ಪುನೀರು.” ಅಂಕಿ ಸರಿಯಾಗಿ ಹಾಕಿದ್ದಾರೆ. ಸ್ಟ್ಯಾಂಡಿನ ಪಂಡರಿ ಹೋಟೆಲಿನಲ್ಲಿ ಇದೇ ಮಾತು.

“ಸಾಹೇಬ್ರ, ಹುಮನಾಬಾದಕ್ಕ ಸಮುದ್ರ ಬಂತಂತಲ್ರಿ! ಭಜಿ ಬಿಟ್ಟು ಮೀನ ಕರೀಲೇನು?” ಎಂದ ಪಂಡರಿ.

“ನಿನ್ನ ಚಹಾದಾಗ ಮೊದಲ ಸಕ್ಕರಿ ಬರ್ಲಿ, ಆಮ್ಯಾಗ ಸಮುದ್ರ” ಎಂದರು ಯಾರೋ. ಎಲ್ಲರೂ ನಕ್ಕರು. ನಾನೂ.

ಆಮೇಲೆ ವಾಡಿಗೆ ಹೋಗಿ ಕೆಂಪು ಬಣ್ಣದಲ್ಲಿ ಬರೆದೆ — ಈ ನೀರು ಕುಡಿಯಲು ಯೋಗ್ಯವಲ್ಲ. ಅಕ್ಷರ ಚೆನ್ನಾಗಿ ಬಂದವು.

ಸೋನುಬಾಯಿ ಸೆರಗು ಬಿಗಿದು ನಿಂತಿದ್ದಳು. “ಉಪ್ಪೆಲ್ಲಿ ಅದರಿ ಇದರಾಗ? ನಿನ್ನೆ ಇದರಾಗೇ ಬ್ಯಾಳಿ ಕುದಿಸೀನಿ. ಉಪ್ಪ ಬ್ಯಾರೆ ಹಾಕೀನಿ.”

“ಯಂತ್ರ ಹೇಳತದ ಬಾಯಿ. ನಾಲಿಗಿಗೆ ತಿಳಿಯಲ್ಲ” ಎಂದೆ.

27-3-94, ರವಿವಾರ

ವೀರಭದ್ರ ಊಟಕ್ಕೆ ಬಂದಿದ್ದ. ಕೈ ತೊಳೆಯುತ್ತ ಕೇಳಿದ, “ಭಾವಾ, ಆ ಬಾಟ್ಲಿ ಕೆಲಸಕ್ಕ ಬಂತೇನು? ಪೇಶಂಟ್ ಅರ್ಧಕ್ಕ ಎದ್ದು ಹೋಗಿದ್ದ. ಸಲೈನ್ ಉಳದಿತ್ತು. ಚೆಲ್ಲಿದಿರಿಲ್ಲೋ?”

ಚೆಲ್ಲಿದೆ ಅಂದೆ.

ಲೆಕ್ಕ ಹಾಕಿ ನೋಡಿದೆ. ಅರ್ಧ ಲೀಟರ್ ಬಾಟಲಿ, ಎರಡು ಬೆರಳು ಸಲೈನ್. 1340ಕ್ಕೆ ಸರಿಹೋಗುತ್ತದೆ. ಭೂಕಂಪ ಬೇಕಿಲ್ಲ.

ನಾಳೆ ಸಾಹೇಬರಿಗೆ ಹೇಳುವುದು.

28-3-94

ಹೇಳಲಿಲ್ಲ. ಸಾಹೇಬರು ರಜೆ.

29-3-94

ರಜೆ ಇರಲಿಲ್ಲ.

30-4-94

ತಿಂಗಳಾಯಿತು ಬರೆದು. ಹನ್ನೊಂದು ವರ್ಷದ ನೌಕರಿಯಲ್ಲಿ ಒಂದು ಮೆಮೊ ಇಲ್ಲ. ಇದನ್ನೇ ದಿನಾ ಯೋಚಿಸುತ್ತೇನೆ.

ಇಂದು ಬೇಮಳಖೇಡ ದಾರಿಯಲ್ಲಿ ವಾಡಿಯ ಹೆಂಗಸರನ್ನು ನೋಡಿದೆ. ಊರಿನ ಜಮೀನುದಾರ ಮಹಾರುದ್ರಪ್ಪನವರ ಹೊಲದ ಬಾವಿಯ ಹತ್ತಿರ, ಬಿಸಿಲಿನಲ್ಲಿ, ಖಾಲಿ ಕೊಡಗಳ ಸಾಲು. ಅವರು ಹಗ್ಗ ಮುಟ್ಟುವ ಹಾಗಿಲ್ಲ. ಆಳು ಬರಬೇಕು, ಸೇದಬೇಕು, ಮೇಲಿನಿಂದ ಸುರಿಯಬೇಕು. ಆಳು ಬೇವಿನ ಕೆಳಗೆ ಬೀಡಿ ಸೇದುತ್ತಿದ್ದ. ಸ್ವಂತ ಬಾವಿ ಇದ್ದ ಜನ.

ಸೋನುಬಾಯಿ ನನ್ನ ಗುರುತು ಹಿಡಿದಳು. “ನಮಸ್ಕಾರ್ರಿ ಸಾಹೇಬ್ರ” ಎಂದಳು. ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

19-5-94

ಯಾರಿಗೂ ಹೇಳದೆ ತೊಳೆದ ಬಾಟಲಿ ತೆಗೆದುಕೊಂಡು ವಾಡಿಗೆ ಹೋದೆ. ಹೊಸ ಸ್ಯಾಂಪಲ್ ಕೊಟ್ಟರೆ ಅಂಕಿ ತಾನೇ ಇಳಿಯುತ್ತದೆ, ನನ್ನ ಹೆಸರು ಬರುವುದಿಲ್ಲ — ಅದು ನನ್ನ ಯೋಜನೆ.

ಬಾವಿಯಲ್ಲಿ ಸತ್ತ ನಾಯಿ. ಪ್ಲಾಸ್ಟಿಕ್, ಹಳೆಯ ಚಪ್ಪಲಿ, ಹರಿದ ಗಾದಿ. ಮೂಗು ಮುಚ್ಚಿಕೊಂಡೆ.

“ಯಾರು ಹಾಕಿದ್ರು ಇದೆಲ್ಲ?”

“ಊರ ಮಂದಿ” ಎಂದಳು ಸೋನುಬಾಯಿ. “ನೀವೇ ಖರಾಬ್ ಅಂತ ಬರದೀರಲ್ರಿ. ಹಾಕೋರಿಗೆ ನಾವು ಏನಂತ ಬ್ಯಾಡ ಅನ್ಬೇಕು?”

ಬಾಟಲಿ ಚೀಲದಲ್ಲೇ ಉಳಿಯಿತು. ಈಗ ಈ ನೀರು ನಿಜವಾಗಿಯೂ ಯೋಗ್ಯವಲ್ಲ. ನಾನು ಬರೆದದ್ದು ನಿಜವಾಗಿದೆ.

1-6-94

ಆದೇಶ ಬಂತು. ಆರನೇ ತಾರೀಖು ವಾಡಿಯ ಬಾವಿ ಮುಚ್ಚುವುದು. ಎಂಟು ಟ್ರಿಪ್ ಮುರುಮು ಮಣ್ಣು. ಹೂಳು ತೆಗೆದು ಸ್ವಚ್ಛ ಮಾಡಿದರೆ ಬಾವಿ ಉಳಿಯುತ್ತದೆ. ಆದರೆ ಫೈಲಿನಲ್ಲಿ ಕೆಳಗಿನ ಬಂಡೆಯೇ ಉಪ್ಪು ಎಂದಿದೆ. ಅಂಥ ಬಾವಿಯನ್ನು ಯಾರು ಸ್ವಚ್ಛ ಮಾಡಿಸುತ್ತಾರೆ?

4-6-94

ಹೇಳಿದೆ. ನಿಂತೇ ಹೇಳಿದೆ. ಬಾಟಲಿ, ಸಲೈನ್, ವೀರಭದ್ರ ಹೇಳಿದ ದಿನ — ಎಲ್ಲ.

ಸಾಹೇಬರು ಮುಂದಿದ್ದ ಫೈಲು ಮುಚ್ಚಿದರು. “ಆ ಬಿರುಕಿನ ಬಗ್ಗೆ ನಾನು ಬೆಂಗಳೂರಿಗೆ ಲೇಖನ ಕಳಿಸಿಯಾಗಿದೆ ಶಂಕರಲಿಂಗ. ಸಮುದ್ರವಿಲ್ಲದ ಕಡೆ ಉಪ್ಪು ಅಂತ. ಈಗ ಗ್ಲೂಕೋಸ್ ಬಾಟಲಿ ಅಂತ ಬರೀಲಾ?”

“ಸಲೈನ್ ಸರ್.”

“ಹೋಗಿ. ಒಂದು ಬಾವಿ. ನಾಯಿ ಬಿದ್ದದ್ದು. ಮುಚ್ಚಿಹೋಗಲಿ.”

ಹೊರಗೆ ಬಂದೆ. ನನಗೆ ಹಗುರಾಗಿತ್ತು. ಹೇಳಿದ್ದೇನಲ್ಲ, ಇನ್ನು ಅವರ ಜವಾಬ್ದಾರಿ ಎಂದುಕೊಂಡೆ. ಮನೆಗೆ ಹೋಗುವ ಬಸ್ಸು ರಾಜೇಶ್ವರ ದಾಟುವವರೆಗೂ ಹಾಗೇ ಅಂದುಕೊಂಡಿದ್ದೆ.

6-6-94, ಸೋಮವಾರ

ಆಫೀಸಿಗೆ ಹೋಗಲಿಲ್ಲ. ನೇರ ವಾಡಿಗೆ. ಮುರುಮಿನ ಟ್ರಾಕ್ಟರ್ ಆಗಲೇ ನಿಂತಿತ್ತು. ಡ್ರೈವರ್ ಹಿಂದಿನ ಕೊಂಡಿ ಬಿಚ್ಚುತ್ತಿದ್ದ. ಇಡೀ ಓಣಿ ಸೇರಿತ್ತು. ಸೋನುಬಾಯಿಯ ಮಗ ಕಪಿಲನೂ ಇದ್ದ — ಹುಮನಾಬಾದಿನಲ್ಲಿ ಟೈಪಿಂಗ್ ಅಂಗಡಿ ಇಟ್ಟವನು.

ಹೇಳಿದೆ. ಎಲ್ಲರ ಮುಂದೆ.

ಸೋನುಬಾಯಿ ಕೇಳಿದಳು, “ಅಂದ್ರ ನೀರು ಛಲೋ ಇದ್ದುವೇನ್ರಿ?”

“ಹೌದು.”

“ಅದನ್ನ ನಾ ಅವತ್ತೇ ಹೇಳಿದ್ದೆನಲ್ರಿ.” ಅಷ್ಟೇ. ಟ್ರಾಕ್ಟರಿನ ಮುಂದೆ ಹೋಗಿ ನೆಲದ ಮೇಲೆ ಕುಳಿತಳು. ಒಬ್ಬೊಬ್ಬರಾಗಿ ಹೆಂಗಸರು ಪಕ್ಕದಲ್ಲಿ ಕುಳಿತರು.

“ಏ ಆಯಿ, ನಂಗ ಇನ್ನಾ ಏಳು ಟ್ರಿಪ್ ಅದಾವ” ಎಂದ ಡ್ರೈವರ್.

“ನಿಂದ್ ಏಳು, ನಂದ್ ಎಪ್ಪತ್ತು ವರ್ಸ. ಕುಂದ್ರು ನೀನೂ.”

ಕಪಿಲ ನಗಲಿಲ್ಲ. ಹಾಳೆ, ಪೆನ್ನು ಕೊಟ್ಟ. “ಬಾಯಿಲೆ ಹೇಳಿದ್ದು ನಾಳೆ ಇರಲ್ರಿ. ಬರೀರಿ. ಡಿ.ಸಿ. ಆಫೀಸಿಗೆ ನಾ ಒಯ್ತೀನಿ.”

ಬಾವಿಯ ಕಟ್ಟೆಯ ಮೇಲಿಟ್ಟು ಬರೆದೆ. ತಾರೀಖು, ಬಾಟಲಿ, ತೊಳೆಯದ್ದು, ಸಹಿ. ಕಪಿಲ ಎರಡು ಸಲ ಓದಿದ.

“ಪೂರಾ ಆಗಿಲ್ಲ. ಅವ್ವ ಅವತ್ತು ಲೋಟ ತುಂಬಿ ನಿಮ್ಮ ಮುಂದ ಹಿಡದಿದ್ಳು. ಬಣ್ಣ ಬಳಿಯೋ ದಿನಾನೂ ಹಿಡದ್ಳು. ಒಂದು ಗುಟುಕು ಕುಡದಿದ್ರ ಉಪ್ಪಿಲ್ಲ ಅಂತ ಅಲ್ಲೇ ತಿಳೀತಿತ್ತು. ಯಾಕ ಕುಡೀಲಿಲ್ಲ? ಅದನ್ನೂ ಬರೀರಿ.”

ಹೌದು, ಹಿಡಿದಿದ್ದಳು. ಎರಡು ದಿನವೂ. ಈ ಡೈರಿಯಲ್ಲೂ ಅದನ್ನು ಬರೆದಿರಲಿಲ್ಲ.

ಹಾಳೆ ವಾಪಸ್ ತೆಗೆದುಕೊಂಡೆ. ಸಹಿಯ ಕೆಳಗೆ ಜಾಗ ಇತ್ತು. “ಸದರಿ ಬಾವಿಯ ನೀರನ್ನು ಎರಡು ಬಾರಿ ಕೊಟ್ಟಾಗಲೂ ನಾನು ಕುಡಿಯಲಿಲ್ಲ” ಎಂದು ಬರೆದೆ. ಎಲ್ಲರೂ ನೋಡುತ್ತಿದ್ದರು. “ಕಾರಣ” ಎಂದು ಬರೆದೆ. ಕಾರಣ —