ದೇವರ ಜೊತೆ ಟೂ ಬಿಟ್ಟ ಅಮ್ಮ

ಮಾರ್ಚ್ ೧೧, ಬುಧವಾರ

ತಮ್ಮ ತೀರಿಕೊಂಡ ಮೇಲೆ ಇವತ್ತೇ ಮೊದಲ ಸಲ ಕಾಲೇಜಿಗೆ ಹೋದೆ. ಪಾಶ್ಚಾತ್ಯ ಸಾಹಿತ್ಯದ ಪಾಠ: ದೇವರ ವಿರುದ್ಧ ಮನುಷ್ಯನ ಬಂಡಾಯ. ಶಿಕ್ಷೆ ಗೊತ್ತಿದ್ದೂ ಸ್ವರ್ಗದ ಆಜ್ಞೆಗೆ ತಲೆಬಾಗದ ನಾಯಕರು. ‘ಒಲ್ಲೆ ಎನ್ನುವುದರಲ್ಲೇ ಮನುಷ್ಯನ ಘನತೆಯಿದೆ’ ಎಂದು ಪ್ರತಿವರ್ಷದಂತೆ ವಿದ್ಯಾರ್ಥಿಗಳಿಗೆ ಹೇಳಿದೆ. ದೇವರನ್ನು ಎಂದೂ ನಂಬದ ನನಗೆ ಅದನ್ನು ಹೇಳುವುದು ಸುಲಭ.

ಸಂಜೆ ಮನೆಗೆ ಬಂದರೆ ಅಮ್ಮ ಪಾತ್ರೆ ಉಜ್ಜುತ್ತಿದ್ದಳು. ಅದು ಅವಳ ಪ್ರಾರ್ಥನೆಯ ಹೊತ್ತು. ತಮ್ಮ ಆಸ್ಪತ್ರೆಯಲ್ಲಿದ್ದಾಗ ಅಲ್ಲಿನ ಕಾರಿಡಾರಿನಲ್ಲೂ ತಪ್ಪಿಸಿದವಳಲ್ಲ.

“ಪ್ರಾರ್ಥನೆ ಆಯ್ತಾ ಅಮ್ಮ?”

“ಇಲ್ಲ ಕಣೇ. ಅವನ ಜೊತೆ ಟೂ ಬಿಟ್ಟಿದ್ದೀನಿ. ನನ್ನ ಕರ್ಕೋ, ಮಗನ್ನ ಬಿಟ್ಬಿಡು ಅಂತ ಅಷ್ಟು ಬೇಡ್ಕೊಂಡೆ. ಕೇಳಿಸ್ಕೊಂಡ್ನಾ?”

ನಗುತ್ತಲೇ ಹೇಳಿದಳು. ಆಮೇಲೆ ಅಳು ನನಗೆ ಕೇಳಿಸದಿರಲೆಂದು ನಲ್ಲಿಯನ್ನು ಜೋರಾಗಿ ತಿರುಗಿಸಿದಳು.

ವರ್ಷಗಟ್ಟಲೆ ನಾನು ಹೊಗಳಿದ ಬಂಡಾಯ ಕಣ್ಣೆದುರೇ ನಿಂತಿತ್ತು. ಭೇಷ್ ಎನ್ನಬೇಕಿತ್ತು. ಅದರ ಬದಲು ಅವಳ ಒದ್ದೆ ಕೈ ಹಿಡಿದು, “ಒಂದೇ ಒಂದು ಸಲ ಪ್ರಾರ್ಥನೆ ಮಾಡಮ್ಮ, ನಾನೂ ಪಕ್ಕದಲ್ಲಿ ಕೂತ್ಕೋತೀನಿ” ಎಂದು ಗೋಗರೆದೆ.

“ಇನ್ನು ಏನು ಅಂತ ಕೇಳ್ಲಿ?” ಎಂದಳು.

ಇಬ್ಬರೂ ಅಡುಗೆಮನೆಯ ನೆಲದ ಮೇಲೇ ಕೂತು ಅತ್ತೆವು. ಈಗ ಮಲಗಿದ್ದಾಳೆ. ಅವಳಿಗೆ ಮುನಿಸಿಕೊಳ್ಳಲಾದರೂ ಒಬ್ಬನಿದ್ದಾನೆ. ನಾನು ಯಾರ ಮೇಲೆ ಮುನಿಸಿಕೊಳ್ಳಲಿ?