ಲೇಖನದ ಮೇಲಿನ ಎರಡು ಹೆಸರು

ನೀಲಾಂಬಿಕಾ,

ನೀನು ತೀರಿಕೊಂಡು ಆರು ವರ್ಷವಾಯಿತು. ಬಾಡಿಗೆ ಕಾಯ್ದೆಯ ಬಗ್ಗೆ ನಾವಿಬ್ಬರೂ ಬರೆದು, ನಾನೊಬ್ಬಳೇ ಹೆಸರು ಹಾಕಿಕೊಂಡ ಲೇಖನವನ್ನು ಕಾನೂನು ಪತ್ರಿಕೆಯವರು ಮತ್ತೆ ಅಚ್ಚು ಹಾಕುತ್ತಿದ್ದಾರೆ. ಐಟಿ ಕಂಪನಿಗಳು ಬಂದು ಬಾಡಿಗೆ ಏರಿದ ಮೇಲೆ ಹೈದರಾಬಾದಿನ ವಕೀಲರೆಲ್ಲ ಅದನ್ನು ಕೇಳುತ್ತಿದ್ದಾರಂತೆ. ಇವತ್ತು ನಿನ್ನ ಹಸ್ತಪ್ರತಿಯನ್ನು ಕಾಚಿಗೂಡಕ್ಕೆ ಒಯ್ದು ಸಂಪಾದಕ ದೇಸಾಯಿಯವರಿಗೆ ತೋರಿಸಿದೆ.

"ಅಡಿಟಿಪ್ಪಣಿ ಸೈತ ಇವರ ಅಕ್ಷರದಾಗ ಐತಲ್ರಿ ಮೇಡಂ! ನೀವೇನು ಬರದೀರಿ, ಹೆಸರಷ್ಟೇ?" ಎಂದು ನಕ್ಕರು.

"ಹೌದ್ರಿ. ಅಕಿ ಹೆಸರು ಮೊದಲು ಹಾಕ್ರಿ."

ಅವರು ನನ್ನೆದುರೇ ಕರಡಿನಲ್ಲಿ ತಿದ್ದಿದರು. ಮೆಹದಿಪಟ್ಟಣಂನ ಮನೆಯವರೆಗೆ ಬಸ್ಸಿನಲ್ಲಿ ನಿಂತೇ ಬಂದರೂ ಮೈ ಹಗುರವಾಗಿತ್ತು.

ಲೇಖನ ಮೊದಲ ಸಲ ಅಚ್ಚಾದಾಗ ನಿನ್ನ ಹೆಸರನ್ನು ಅಚ್ಚಿನವರು ಬಿಟ್ಟರೆಂದು ಹೇಳಿದ್ದೆ. ನೀನು, "ಪಾಪ, ಅವರಿಗೆ ಬೈಬ್ಯಾಡ ಬಿಡು" ಎಂದಿದ್ದೆ.

ಗಿರಿಜಾ